‘ಮೊದಲು ಉತ್ತರ, ಆಮೇಲೆ ಬದುಕು’ ಎಂಬ ಷರತ್ತು

ಈ ಬೇಸಿಗೆ ಕಾಲಿಡುವ ಹೊತ್ತಿಗೆ ನಮ್ಮ ಅಕ್ಕನ ಕುತ್ತಿಗೆಯಲ್ಲಿ ಗೋಲಿ ಗಾತ್ರದ ಗಂಟೊಂದು ಕೈಗೆ ಸಿಕ್ಕಿತು. ಥೈರಾಯ್ಡ್ ಗ್ರಂಥಿಯ ಗಂಟು. ಸ್ಕ್ಯಾನಿಂಗ್ ಮಾಡಿಸಿದೆವು, ತೆಳುವಾದ ಸೂಜಿ ಚುಚ್ಚಿ ಒಂದಿಷ್ಟು ಜೀವಕೋಶಗಳನ್ನು ತೆಗೆದರು, ರಿಪೋರ್ಟಿಗೆ ಮೂರು ದಿನ ಬೇಕೆಂದರು. ಮೂರು ದಿನವಾದ ಮೇಲೆ ‘ಹೌದು’ ಅಥವಾ ‘ಅಲ್ಲ’ ಎಂಬ ಎರಡರಲ್ಲೊಂದು ಮಾತು ಬರುತ್ತದೆಂದೇ ಮನೆಯವರೆಲ್ಲ ನಂಬಿದ್ದೆವು. ಬಂದದ್ದು ‘ಬೆಥೆಸ್ಡಾ ವರ್ಗ 3’ ಎಂಬ ಒಂದು ಸಾಲು. ಥೈರಾಯ್ಡ್ ಗಂಟಿನ ಇಂತಹ ಪರೀಕ್ಷೆಯ ಫಲಿತಾಂಶವನ್ನು ವೈದ್ಯರು ಆರು ವರ್ಗಗಳಾಗಿ ವಿಂಗಡಿಸಿ ಬರೆಯುತ್ತಾರೆ. ಎರಡನೆಯ ವರ್ಗವಾದರೆ ನಿರಪಾಯ, ಆರನೆಯದಾದರೆ ಕ್ಯಾನ್ಸರ್. ಮೂರನೆಯದರ ಅರ್ಥವೆಂದರೆ, ಜೀವಕೋಶಗಳ ಚಹರೆಯಲ್ಲಿ ಏನೋ ವ್ಯತ್ಯಾಸ ಕಾಣುತ್ತಿದೆ, ಆದರೆ ಅದು ಏನನ್ನು ಸೂಚಿಸುತ್ತದೆಂದು ಸದ್ಯಕ್ಕೆ ಹೇಳಲಾಗದು. ‘ಗೊತ್ತಿಲ್ಲ’ ಎಂಬುದಕ್ಕೂ ಒಂದು ಸಂಖ್ಯೆ ಕೊಟ್ಟು ದಾಖಲಿಸುವ ಈ ಪ್ರಾಮಾಣಿಕತೆ ಮೆಚ್ಚುವಂಥದೇ, ಆದರೆ ಅಂದು ಮೆಚ್ಚುವ ಮನಸ್ಥಿತಿ ನನಗಿರಲಿಲ್ಲ. ಮೂರು ತಿಂಗಳು ಬಿಟ್ಟು ಮತ್ತೊಮ್ಮೆ ಪರೀಕ್ಷೆ ಮಾಡೋಣ ಎಂದರು ಡಾಕ್ಟರು. ಅಕ್ಕ ತಲೆಯಾಡಿಸಿದಳು. ನಾನು ಆ ಮೂರು ತಿಂಗಳನ್ನು ಹೇಗೆ ಕಳೆಯುವುದೆಂದು ಚಿಂತಿಸತೊಡಗಿದೆ.

ಈ ಲೇಖನ ರೋಗದ ಕುರಿತಾದುದಲ್ಲ. ಏನಾಗುತ್ತದೆಂದು ತಿಳಿಯದ ಅವಧಿಯಲ್ಲಿ ನೆಮ್ಮದಿಯಾಗಿ ಇರಲು ಸಾಧ್ಯವೇ ಎಂಬ ಪ್ರಶ್ನೆಯನ್ನು ಬುದ್ಧನೂ ಅವನ ಪರಂಪರೆಯವರೂ, ಅವರಿಂದ ಬಹುದೂರದ ಗ್ರೀಸಿನ ಕೆಲವರೂ ಹೇಗೆ ಬಿಡಿಸಿದರು ಎಂಬುದನ್ನು ತಿಳಿಯಾಗಿ ಹೇಳುವುದಷ್ಟೇ ಇದರ ಉದ್ದೇಶ. ಇವರಲ್ಲಿ ಯಾರೂ ಅನಿಶ್ಚಿತತೆಯನ್ನು ನಿವಾರಿಸುವ ಉಪಾಯ ಹೇಳಲಿಲ್ಲ. ಉತ್ತರ ದೊರೆತ ಮೇಲೆಯೇ ನೆಮ್ಮದಿ ಎಂದು ನಾವು ಹಾಕಿಕೊಂಡಿರುವ ಷರತ್ತು ಇದೆಯಲ್ಲ, ಅವರು ಕೈಹಾಕಿದ್ದು ಅದಕ್ಕೆ.

ಷರತ್ತು ಎಷ್ಟು ಬಲವಾದದ್ದೆಂಬುದಕ್ಕೆ ಒಂದು ಪ್ರಯೋಗವನ್ನು ನೋಡಬಹುದು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 45 ಜನ ಸ್ವಯಂಸೇವಕರು ಕಂಪ್ಯೂಟರಿನಲ್ಲಿ ಒಂದು ಆಟ ಆಡಿದರು. ಪರದೆಯ ಮೇಲಿನ ಕಲ್ಲಿನ ಕೆಳಗೆ ಹಾವು ಇದೆಯೋ ಇಲ್ಲವೋ ಊಹಿಸಬೇಕು. ಹಾವು ಇದ್ದರೆ ಕೈಗೆ ನೋವಾಗುವಂತೆ ಒಂದು ಕರೆಂಟ್ ಶಾಕ್. ಬೆವರು ಮತ್ತು ಕಣ್ಣಿನ ಪಾಪೆಯ ಹಿಗ್ಗುವಿಕೆಯಿಂದ ಅವರ ಒತ್ತಡವನ್ನು ಅಳೆದಾಗ ತಿಳಿದುಬಂದದ್ದೇನೆಂದರೆ, ಶಾಕ್ ಬಂದೇ ಬರುತ್ತದೆಂದು ಗೊತ್ತಿದ್ದಾಗ ಇದ್ದುದಕ್ಕಿಂತ ಹೆಚ್ಚಿನ ಒತ್ತಡ, ಬರುವ ಸಾಧ್ಯತೆ ಸರಿಯಾಗಿ ಶೇ 50 ಇದ್ದಾಗ ಉಂಟಾಗುತ್ತಿತ್ತು. ಅಂದರೆ ಕೆಟ್ಟ ಸುದ್ದಿಗಿಂತಲೂ ‘ಇರಬಹುದು, ಇರಲಿಕ್ಕಿಲ್ಲ’ ಎಂಬುದೇ ದೇಹಕ್ಕೆ ಭಾರ. ಆಸ್ಪತ್ರೆಯ ಬೆಂಚಿನ ಮೇಲೆ ಕೂತವರು ‘ಏನಿದ್ದರೂ ಸರಿ, ಒಂದು ಗೊತ್ತಾಗಿಬಿಟ್ಟರೆ ಸಾಕು’ ಎನ್ನುವುದು ಬರಿಯ ಮಾತಲ್ಲ.

ಬುದ್ಧನ ಬಳಿ ಇದೇ ಷರತ್ತನ್ನು ಹಿಡಿದುಕೊಂಡು ಬಂದವನೊಬ್ಬನಿದ್ದ. ಬುದ್ಧನ ಉಪದೇಶಗಳನ್ನು ಕೂಡಿಸಿಟ್ಟ ಪಾಲಿ ಭಾಷೆಯ ಸಂಗ್ರಹಗಳಿಗೆ ನಿಕಾಯಗಳೆಂದೂ ಅವುಗಳಲ್ಲಿನ ಒಂದೊಂದು ಉಪದೇಶಕ್ಕೆ ಸುತ್ತವೆಂದೂ ಹೆಸರು. ಮಜ್ಝಿಮ ನಿಕಾಯದ 63ನೆಯ ಸುತ್ತದಲ್ಲಿ ಅವನ ಕಥೆ ಬರುತ್ತದೆ. ಹೆಸರು ಮಾಲುಂಕ್ಯಪುತ್ತ, ಸ್ಥಳ ಶ್ರಾವಸ್ತಿಯ ಜೇತವನ. ಏಕಾಂತದಲ್ಲಿ ಕೂತಿದ್ದಾಗ ಈ ಭಿಕ್ಷುವಿಗೆ ಒಂದು ಅಸಮಾಧಾನ ಹುಟ್ಟುತ್ತದೆ. ಲೋಕ ಶಾಶ್ವತವೋ ಅಶಾಶ್ವತವೋ, ಅದಕ್ಕೆ ಅಂತ್ಯವಿದೆಯೋ ಇಲ್ಲವೋ, ಜೀವವೂ ದೇಹವೂ ಒಂದೆಯೋ ಬೇರೆ ಬೇರೆಯೋ, ತಥಾಗತ (ಬುದ್ಧನಂತೆ ಮುಕ್ತನಾದವನು) ಸತ್ತ ಮೇಲೆ ಇರುತ್ತಾನೋ, ಇರುವುದಿಲ್ಲವೋ, ಇದ್ದೂ ಇಲ್ಲದಿರುತ್ತಾನೋ, ಅಥವಾ ಇರುವುದೂ ಇಲ್ಲದಿರುವುದೂ ಎರಡೂ ಅಲ್ಲವೋ ಎಂಬ ಹತ್ತು ಮಾತುಗಳನ್ನು ಬುದ್ಧ ವಿವರಿಸದೆ ಬಿಟ್ಟಿದ್ದಾನೆ. ‘ಇದು ನನಗೆ ಸರಿಬರುವುದಿಲ್ಲ’ ಎಂದುಕೊಳ್ಳುತ್ತಾನೆ ಅವನು. ಸಂಜೆ ಎದ್ದು ಹೋಗಿ ನೇರವಾಗಿಯೇ ಕೇಳುತ್ತಾನೆ: ಉತ್ತರ ಹೇಳಿದರೆ ನಿಮ್ಮಲ್ಲಿ ಇರುತ್ತೇನೆ, ಇಲ್ಲವಾದರೆ ಈ ದೀಕ್ಷೆ ಬಿಟ್ಟು ಹೋಗುತ್ತೇನೆ, ನಿಮಗೆ ಗೊತ್ತಿಲ್ಲವಾದರೆ ‘ಗೊತ್ತಿಲ್ಲ’ ಎಂದು ಒಪ್ಪಿಕೊಳ್ಳುವುದೇ ನೇರವಾದ ದಾರಿ. ಈ ಭಿಕ್ಷುವಿನ ಬಗ್ಗೆ ನನಗೆ ಗೌರವವಿದೆ. ಗುರುವಿನ ಎದುರು ಇಷ್ಟು ನೆಟ್ಟಗೆ ನಿಂತು ಮಾತಾಡುವವರು ಯಾವ ಕಾಲದಲ್ಲೂ ಕಡಿಮೆಯೇ.

ಬುದ್ಧ ಮೊದಲು ಕೇಳುವ ಮರುಪ್ರಶ್ನೆ ಒಪ್ಪಂದದ ಕುರಿತಾದುದು: ‘ಬಾ, ನನ್ನಲ್ಲಿ ಸಾಧನೆ ಮಾಡು, ಈ ಹತ್ತನ್ನೂ ಹೇಳುತ್ತೇನೆ’ ಎಂದು ನಾನೇನಾದರೂ ನಿನಗೆ ಮಾತು ಕೊಟ್ಟಿದ್ದೆನೆ? ಇಲ್ಲ. ಹಾಗಾದರೆ ಯಾರು ಯಾರನ್ನು ಬಿಟ್ಟುಹೋಗುವುದು? ಆಮೇಲೆ ಬರುವುದು ಪ್ರಸಿದ್ಧವಾದ ಬಾಣದ ದೃಷ್ಟಾಂತ. ವಿಷ ಬಳಿದ ಬಾಣ ನೆಟ್ಟ ಒಬ್ಬನನ್ನು ಬಂಧುಗಳು ವೈದ್ಯನ ಬಳಿಗೆ ತರುತ್ತಾರೆ. ಅವನು ಬಾಣ ಕೀಳಿಸಿಕೊಳ್ಳಲು ಒಪ್ಪುವುದಿಲ್ಲ. ಹೊಡೆದವನು ಕ್ಷತ್ರಿಯನೋ ಬ್ರಾಹ್ಮಣನೋ ವೈಶ್ಯನೋ ಶೂದ್ರನೋ, ಅವನ ಹೆಸರೇನು, ಎತ್ತರದವನೋ ಕುಳ್ಳನೋ, ಕಪ್ಪಗಿದ್ದನೋ ಕೆಂಪಗಿದ್ದನೋ, ಯಾವ ಊರಿನವನು, ಬಿಲ್ಲಿನ ಹೆದೆ ಯಾವುದರದು, ಬಾಣಕ್ಕೆ ಕಟ್ಟಿದ ಗರಿ ಹದ್ದಿನದೋ ನವಿಲಿನದೋ ಎಂದು ಒಂದೊಂದೂ ತಿಳಿದ ಮೇಲೆಯೇ ಬಾಣಕ್ಕೆ ಕೈಹಚ್ಚಬೇಕು ಎನ್ನುತ್ತಾನೆ. ಇದೆಲ್ಲ ತಿಳಿಯುವ ಮುನ್ನವೇ ಅವನು ಸಾಯುತ್ತಾನೆ ಎನ್ನುತ್ತಾನೆ ಬುದ್ಧ. ಲೋಕ ಶಾಶ್ವತವಾಗಿರಲಿ ಆಗಿಲ್ಲದಿರಲಿ, ಹುಟ್ಟು, ಮುಪ್ಪು, ಸಾವು, ಅಳಲು ಇವಂತೂ ಇದ್ದೇ ಇವೆ; ಅವುಗಳ ಕೊನೆಯನ್ನು ನಾನು ಹೇಳುತ್ತಿರುವುದು ಇಲ್ಲಿ, ಈಗ.

ಈ ಕಥೆಯನ್ನು ‘ವ್ಯರ್ಥ ಪ್ರಶ್ನೆ ಕೇಳಬೇಡ, ಸುಮ್ಮನಿರು’ ಎಂಬ ಗದರಿಕೆಯಾಗಿ ಓದುವುದು ವಾಡಿಕೆ. ಆ ಓದು ತಪ್ಪೆಂದು ನನ್ನ ಅಭಿಪ್ರಾಯ. ಗಾಯಾಳು ಕೇಳುವ ಪ್ರಶ್ನೆಗಳ ಪಟ್ಟಿಯ ಕೊನೆಯಲ್ಲಿ ಬಾಣದ ಮೊನೆ ಯಾವ ಬಗೆಯದು ಎಂಬುದೂ ಇದೆ. ಮೊನೆಗೆ ಮುಳ್ಳುಗಳಿವೆಯೋ ಇಲ್ಲವೋ ಎಂದು ತಿಳಿಯದೆ ಎಳೆದರೆ ಮಾಂಸವೇ ಕಿತ್ತು ಬರುತ್ತದೆ. ವೈದ್ಯನಾದವನು ಅದನ್ನು ಕೇಳಲೇಬೇಕು. ಒಂದೇ ಪ್ರಶ್ನೆ ವೈದ್ಯನ ಬಾಯಲ್ಲಿ ಚಿಕಿತ್ಸೆಯ ಭಾಗ, ಗಾಯಾಳುವಿನ ಬಾಯಲ್ಲಿ ಚಿಕಿತ್ಸೆಗೆ ಅಡ್ಡಿ. ಹಾಗಾಗಿ ದೋಷವಿರುವುದು ತಿಳಿಯುವ ಹಂಬಲದಲ್ಲಿ ಅಲ್ಲ, ‘ತಿಳಿಯುವವರೆಗೆ ಕೀಳಬೇಡಿ’ ಎಂಬ ಹಟದಲ್ಲಿ. ನಮ್ಮ ಮನೆಯಲ್ಲಿ ನಡೆದದ್ದೂ ಅದೇ. ಡಾಕ್ಟರು ಕೇಳಿದ್ದು ಐದೋ ಆರೋ ಪ್ರಶ್ನೆ: ಮನೆತನದಲ್ಲಿ ಯಾರಿಗಾದರೂ ಇತ್ತೇ, ನುಂಗಲು ಕಷ್ಟವಾಗುತ್ತದೆಯೇ, ದನಿ ಬದಲಾಗಿದೆಯೇ. ನಾನು ರಾತ್ರಿ ಹನ್ನೊಂದರಿಂದ ಒಂದೂವರೆಯವರೆಗೆ ಮೊಬೈಲ್ ಹಿಡಿದು ಹುಡುಕಿದ ಪ್ರಶ್ನೆಗಳಿಗೆ ಲೆಕ್ಕವಿಲ್ಲ, ಅವುಗಳಲ್ಲಿ ಒಂದಾದರೂ ಆ ಗಂಟನ್ನು ಮುಟ್ಟುವಂಥದಾಗಿರಲಿಲ್ಲ.

ಇಲ್ಲಿ ಒಂದು ಸಂದೇಹ ಏಳುವುದು ಸಹಜ. ಉತ್ತರಿಸದೆ ಇರುವುದು ಜಾಣತನದ ನುಣುಚಿಕೊಳ್ಳುವಿಕೆಯೂ ಆಗಬಹುದಲ್ಲವೇ? ಬುದ್ಧನ ಕಾಲದಲ್ಲೇ ಅಂಥವರಿದ್ದರು. ಸಂಜಯ ಬೆಲಟ್ಠಪುತ್ತ ಎಂಬ ಆಚಾರ್ಯನನ್ನು ಪರಲೋಕ ಇದೆಯೇ ಎಂದು ಕೇಳಿದರೆ, ‘ಇದೆ ಎಂದು ನನಗೆ ಅನ್ನಿಸಿದ್ದರೆ ಇದೆ ಎನ್ನುತ್ತಿದ್ದೆ, ಆದರೆ ಹಾಗೆ ಎನ್ನುವುದಿಲ್ಲ, ಹೀಗೆ ಎಂದೂ ಎನ್ನುವುದಿಲ್ಲ, ಬೇರೆ ರೀತಿ ಎಂದೂ ಎನ್ನುವುದಿಲ್ಲ’ ಎಂಬ ಧಾಟಿಯಲ್ಲಿ ಉತ್ತರಿಸುತ್ತಿದ್ದನೆಂದು ದೀಘ ನಿಕಾಯ ಹೇಳುತ್ತದೆ. ಇಂತಹ ವಾದಿಗಳಿಗೆ ಬೌದ್ಧರು ಇಟ್ಟ ಹೆಸರಿನ ಅರ್ಥ ಹಾವುಮೀನಿನಂತೆ ಕೈಗೆ ಸಿಗದೆ ಜಾರುವವರು. ತಪ್ಪು ಹೇಳಿಬಿಟ್ಟೇನೆಂಬ ಭಯ, ಅಂಟಿಕೊಂಡುಬಿಟ್ಟೇನೆಂಬ ಭಯ, ಬುದ್ಧಿವಂತರು ಅಡ್ಡಪ್ರಶ್ನೆ ಹಾಕಿಯಾರೆಂಬ ಭಯ, ಕೊನೆಗೆ ಬರಿಯ ಮಂದಬುದ್ಧಿ ಎಂದು ಜಾರುವಿಕೆಗೆ ನಾಲ್ಕು ಕಾರಣಗಳನ್ನೂ ಎಣಿಸಿದ್ದಾರೆ. ನಾಲ್ಕರಲ್ಲಿ ಮೂರು ಭಯವೇ ಎಂಬುದನ್ನು ಗಮನಿಸಬೇಕು. ಬುದ್ಧನ ಮೌನದ ಹಿಂದೆ ಭಯವಿಲ್ಲ. ಹತ್ತನ್ನು ಏಕೆ ಹೇಳಲಿಲ್ಲ, ದುಃಖ, ಅದರ ಕಾರಣ, ಅದರ ಕೊನೆ, ಆ ಕೊನೆಗೆ ಒಯ್ಯುವ ದಾರಿ ಎಂಬ ನಾಲ್ಕು ಆರ್ಯಸತ್ಯಗಳನ್ನು ಏಕೆ ಹೇಳಿದೆ ಎಂಬುದಕ್ಕೆ ಅವನು ಕಾರಣ ಕೊಡುತ್ತಾನೆ. ಆರ್ಯಸತ್ಯಗಳಿಂದ ದುಃಖ ಕಳೆಯುತ್ತದೆ, ಆ ಹತ್ತರಿಂದ ಇಲ್ಲ.

ದುಃಖ ಕಳೆಯುವ ಬಗೆಯನ್ನು ತೋರಿಸುವ ಇನ್ನೊಂದು ಬಾಣ ಸಂಯುತ್ತ ನಿಕಾಯದಲ್ಲಿದೆ. ಅರಿವಿಲ್ಲದವನಿಗೆ ನೋವಾದಾಗ ಅವನು ಎದೆ ಬಡಿದುಕೊಂಡು ಅಳುತ್ತಾನೆ. ಒಂದು ಬಾಣ ನೆಟ್ಟವನಿಗೆ ಅದರ ಬೆನ್ನಿಗೇ ಎರಡನೆಯ ಬಾಣ ನೆಟ್ಟಂತೆ, ಅವನು ದೇಹದ ನೋವನ್ನೂ ಮನಸ್ಸಿನ ನೋವನ್ನೂ ಎರಡನ್ನೂ ಅನುಭವಿಸುತ್ತಾನೆ. ಅರಿತವನಿಗೆ ಮೊದಲ ಬಾಣ ತಪ್ಪದು, ಎರಡನೆಯದು ಮಾತ್ರ ತಪ್ಪುತ್ತದೆ. ಅನಿಶ್ಚಿತತೆಗೆ ಇದನ್ನು ಅನ್ವಯಿಸಿದರೆ ವಿಚಿತ್ರವೊಂದು ಕಾಣುತ್ತದೆ: ಕಾಯುವ ದಿನಗಳಲ್ಲಿ ಬಹುಮಟ್ಟಿಗೆ ಮೊದಲ ಬಾಣವೇ ಇನ್ನೂ ಬಂದಿರುವುದಿಲ್ಲ. ಅಕ್ಕನಿಗೆ ಗಂಟು ನೋಯುತ್ತಿರಲಿಲ್ಲ. ನಾವು ಎರಡನೆಯದನ್ನೇ ಮೊದಲು ಹೊಡೆದುಕೊಳ್ಳುತ್ತಿದ್ದೆವು.

ಆ ಎರಡನೆಯ ಬಾಣ ತಯಾರಾಗುವ ಕಮ್ಮಟವನ್ನೂ ಬುದ್ಧ ತೋರಿಸಿದ್ದಾನೆ. ಮಜ್ಝಿಮ ನಿಕಾಯದ ಎರಡನೆಯ ಸುತ್ತದಲ್ಲಿ, ಮನಸ್ಸು ಸಲ್ಲದ ಕಡೆ ಗಮನವಿಟ್ಟಾಗ ಏಳುವ ಹದಿನಾರು ಪ್ರಶ್ನೆಗಳ ಸಾಲಿದೆ. ಹಿಂದೆ ನಾನು ಇದ್ದೆನೋ, ಇರಲಿಲ್ಲವೋ, ಏನಾಗಿದ್ದೆನೋ, ಹೇಗಿದ್ದೆನೋ. ಮುಂದೆ ಇರುವೆನೋ, ಇರಲಾರೆನೋ, ಏನಾಗುವೆನೋ. ಈಗ ಇರುವೆನೋ, ಈ ಜೀವ ಎಲ್ಲಿಂದ ಬಂತೋ, ಎಲ್ಲಿಗೆ ಹೋಗುವುದೋ. ಪಾಲಿಯಲ್ಲಿ ಈ ಪ್ರಶ್ನೆಗಳನ್ನೆಲ್ಲ ‘ನು ಖೋ’ ಎಂಬ ಸಂದೇಹಸೂಚಕ ಪದಗಳು ಹೆಣೆದಿವೆ; ಕನ್ನಡದಲ್ಲಿ ಆ ಕೆಲಸವನ್ನು ಒಂದೇ ಒಂದು ‘ಓ’ ಮಾಡುತ್ತದೆ. ನಿದ್ದೆ ಬಾರದ ರಾತ್ರಿಯಲ್ಲಿ ನಮ್ಮ ಯೋಚನೆಗಳನ್ನು ಒಮ್ಮೆ ಕೇಳಿಸಿಕೊಂಡರೆ ಸಾಕು, ಎಲ್ಲದರ ಬಾಲಕ್ಕೂ ಈ ‘ಓ’ ಅಂಟಿರುತ್ತದೆ. ಅದನ್ನು ಗುರುತಿಸುವ ಅಭ್ಯಾಸ ಬಂದರೆ ಒಂದು ಪ್ರಯೋಜನವಿದೆ: ‘ಆಪರೇಷನ್ ಆಗಬೇಕಾಗುತ್ತದೋ ಏನೋ’ ಎಂಬುದು ಆಪರೇಷನ್ನಿನ ಸುದ್ದಿಯಲ್ಲ, ಒಂದು ‘ಓ’ ಮಾತ್ರ ಎಂಬ ಅರಿವು ಮೂಡುತ್ತದೆ.

ಹಾಗೆಂದು ಬೌದ್ಧರು ಸಂಶಯವನ್ನು ಹಾಡಿ ಹೊಗಳಿದವರಲ್ಲ. ಧ್ಯಾನಕ್ಕೆ ಅಡ್ಡಬರುವ ಐದು ತೊಡಕುಗಳ ಪಟ್ಟಿಯಲ್ಲಿ ಸಂಶಯವೂ ಒಂದು. ಆದರೂ ಕೋಸಲದ ಕೇಸಪುತ್ತ ಎಂಬ ಊರಿನ ಕಾಲಾಮರು, ‘ಬಂದ ಬಂದ ಸಾಧುಗಳೆಲ್ಲ ತಮ್ಮದೇ ನಿಜ, ಉಳಿದವರದು ಸುಳ್ಳು ಎನ್ನುತ್ತಾರೆ, ನಮಗೆ ಸಂಶಯವಾಗಿದೆ’ ಎಂದು ದೂರಿದಾಗ ಬುದ್ಧ ಅವರನ್ನು ಗದರುವುದಿಲ್ಲ, ಸಂಶಯಪಡಬೇಕಾದಲ್ಲೇ ಸಂಶಯಪಟ್ಟಿದ್ದೀರಿ ಎನ್ನುತ್ತಾನೆ. ಕೇಳಿಬಂದದ್ದೆಂದು, ಗ್ರಂಥದಲ್ಲಿದೆಯೆಂದು, ತರ್ಕಕ್ಕೆ ಕೂಡುತ್ತದೆಂದು, ಗುರು ಹೇಳಿದನೆಂದು ಒಪ್ಪಬೇಡಿ ಎಂಬ ಈ ಸುತ್ತದ ಮಾತು ಎಲ್ಲೆಡೆ ಉಲ್ಲೇಖವಾಗುತ್ತದೆ. ಅದರ ಕೊನೆಯ ಭಾಗವನ್ನು ಮಾತ್ರ ಯಾರೂ ಅಷ್ಟಾಗಿ ಓದುವುದಿಲ್ಲ, ನಮ್ಮ ವಿಷಯಕ್ಕೆ ಬೇಕಾದದ್ದು ಅದೇ. ದ್ವೇಷವಿಲ್ಲದ ತಿಳಿಮನಸ್ಸಿನವನಿಗೆ ನಾಲ್ಕು ಭರವಸೆಗಳಿವೆ ಎನ್ನುತ್ತಾನೆ ಬುದ್ಧ. ಪರಲೋಕವೂ ಕರ್ಮಫಲವೂ ಇದ್ದರೆ ನನಗೆ ಒಳ್ಳೆಯ ಗತಿ ಸಿಗುತ್ತದೆ. ಇಲ್ಲದಿದ್ದರೆ ಈ ಲೋಕದಲ್ಲೇ, ಈ ಜನ್ಮದಲ್ಲೇ ವೈರವಿಲ್ಲದೆ ಸುಖವಾಗಿರುತ್ತೇನೆ. ಕೆಟ್ಟದ್ದು ಮಾಡಿದವರಿಗೆ ಕೆಟ್ಟದ್ದಾಗುವುದು ನಿಜವಾದರೆ ನಾನು ಮಾಡಿಲ್ಲ, ನನಗೇನು. ನಿಜವಲ್ಲವಾದರೆ ಎರಡು ಬಗೆಯಲ್ಲೂ ನಾನು ಶುದ್ಧ.

ಹದಿನೇಳನೆಯ ಶತಮಾನದ ಫ್ರೆಂಚ್ ಚಿಂತಕ ಪಾಸ್ಕಲ್ ‘ದೇವರು ಇದ್ದಾನೋ ಇಲ್ಲವೋ ತಿಳಿಯದಿದ್ದರೂ ಇದ್ದಾನೆಂದು ನಂಬುವುದೇ ಲಾಭ’ ಎಂದು ಕಟ್ಟಿದ ಪಣವನ್ನು ಬಲ್ಲವರಿಗೆ ಇದು ಅದರ ಹಳೆಯ ರೂಪದಂತೆ ಕಂಡೀತು. ವ್ಯತ್ಯಾಸ ದೊಡ್ಡದಿದೆ. ಪಾಸ್ಕಲನ ಲೆಕ್ಕದಲ್ಲಿ ಲಾಭ ಇರುವುದು ದೇವರು ಇದ್ದರೆ ಮಾತ್ರ. ಉತ್ತರ ಯಾವ ಕಡೆ ಬೀಳುತ್ತದೆಂಬುದರ ಮೇಲೆ ಎಲ್ಲವೂ ನಿಂತಿದೆ. ಕಾಲಾಮರಿಗೆ ಹೇಳಿದ್ದರಲ್ಲಿ ಉತ್ತರ ಎತ್ತ ಬಿದ್ದರೂ ಮಾಡಬೇಕಾದ ಕೆಲಸ ಬದಲಾಗುವುದಿಲ್ಲ. ಅನಿಶ್ಚಿತತೆಯ ನಡುವೆ ನಿರ್ಧಾರ ತೆಗೆದುಕೊಳ್ಳಬೇಕಾದವರಿಗೆ ನನಗೆ ತಿಳಿದಂತೆ ಇದಕ್ಕಿಂತ ಉಪಯುಕ್ತವಾದ ಸಲಹೆ ಇಲ್ಲ: ಎರಡು ಉತ್ತರಗಳಲ್ಲಿ ಯಾವುದು ಬಂದರೂ ಸರಿಯೆನಿಸುವ ಕೆಲಸ ಯಾವುದು ಎಂದು ಹುಡುಕಿ, ಮೊದಲು ಅದನ್ನು ಮಾಡುವುದು.

ಈ ವಿಚಾರಗಳನ್ನು ಕನ್ನಡದಲ್ಲಿ ಬರೆಯುವಾಗ ಒಂದು ತೊಡಕು ಎದುರಾಗುತ್ತದೆ. ಶಾಸ್ತ್ರದ ಪದಗಳು ನಮ್ಮ ಮನೆಗೆ ಬಂದು ಅರ್ಥ ಬದಲಿಸಿಕೊಂಡಿವೆ. ತರ್ಕಶಾಸ್ತ್ರದಲ್ಲಿ ‘ಅನುಮಾನ’ವೆಂದರೆ ಹೊಗೆ ಕಂಡು ಬೆಂಕಿಯಿದೆಯೆಂದು ತಿಳಿಯುವ ಖಚಿತ ಜ್ಞಾನದ ದಾರಿ, ಬೀದಿಯಲ್ಲಿ ಅದು ಶಂಕೆ, ಗುಮಾನಿ. ಬೌದ್ಧರಿಗೆ ‘ವೇದನೆ’ ಎಂದರೆ ಸುಖವೋ ದುಃಖವೋ ಎರಡೂ ಅಲ್ಲದ್ದೋ ಆದ ಯಾವುದೇ ಅನುಭವ. ನಮಗೆ ಅದು ನೋವು ಮಾತ್ರ. ಎಲ್ಲಕ್ಕಿಂತ ಹೆಚ್ಚು ತೊಂದರೆ ಕೊಡುವುದು ‘ಉಪೇಕ್ಷೆ’. ಬೌದ್ಧ ಸಾಧನೆಯಲ್ಲಿ ಅದು ಮೈತ್ರಿ, ಕರುಣೆ, ಮುದಿತೆಗಳ ಸಾಲಿನಲ್ಲಿ ಕೊನೆಗೆ ಬರುವ ಎತ್ತರದ ಗುಣ, ತಕ್ಕಡಿಯ ಮುಳ್ಳು ನಡುವೆ ನಿಂತಂಥ ಸಮಚಿತ್ತ. ಕನ್ನಡದಲ್ಲಿ ಉಪೇಕ್ಷೆ ಮಾಡುವುದೆಂದರೆ ಕಡೆಗಣಿಸುವುದು. ಬೌದ್ಧ ಶಾಂತಿಯನ್ನು ಉದಾಸೀನವೆಂದು ನಾವು ತಪ್ಪು ತಿಳಿಯುವುದರಲ್ಲಿ ಈ ಒಂದು ಪದದ ಪಾಲು ಸಾಕಷ್ಟಿದೆಯೆಂದು ನನಗೆ ತೋರುತ್ತದೆ.

ಇದೇ ತಪ್ಪು ತಿಳಿವಳಿಕೆಗೆ ಗುರಿಯಾದ ಗ್ರೀಕನೊಬ್ಬನಿದ್ದಾನೆ. ಎಲಿಸ್ ಎಂಬ ಊರಿನ ಪಿರ್ರೊ ಕ್ರಿ.ಪೂ. 360ರ ಸುಮಾರಿಗೆ ಹುಟ್ಟಿ ತೊಂಬತ್ತರ ಹತ್ತಿರದವರೆಗೆ ಬದುಕಿದವನು, ಮೊದಲು ಚಿತ್ರಕಾರ. ತನ್ನ ಗುರು ಅನಕ್ಸಾರ್ಕಸನ ಜೊತೆಯಲ್ಲಿ ಅಲೆಕ್ಸಾಂಡರನ ದಂಡಯಾತ್ರೆಯನ್ನು ಹಿಂಬಾಲಿಸಿ ಭಾರತದವರೆಗೆ ಬಂದು ಇಲ್ಲಿನ ‘ನಗ್ನ ಜ್ಞಾನಿಗಳನ್ನು’ ಕಂಡನೆಂದು ಗ್ರೀಕ್ ತತ್ತ್ವಜ್ಞಾನಿಗಳ ಜೀವನಚರಿತ್ರೆಕಾರ ಡಯೋಜಿನಿಸ್ ಲಾಯೆರ್ಟಿಯಸ್ ಬರೆದಿದ್ದಾನೆ. ರಾಜರ ಆಸ್ಥಾನದಲ್ಲಿ ಓಲೈಸುತ್ತ ಇರುವವರೆಗೆ ನೀನು ಯಾರಿಗೂ ಒಳಿತನ್ನು ಕಲಿಸಲಾರೆ ಎಂದು ಭಾರತೀಯನೊಬ್ಬ ಅನಕ್ಸಾರ್ಕಸನಿಗೆ ಹೇಳಿದ್ದನ್ನು ಕೇಳಿಸಿಕೊಂಡ ಪಿರ್ರೊ ಏಕಾಂತದ ಬದುಕನ್ನು ಆರಿಸಿಕೊಂಡನಂತೆ. ಅವನು ಕಂಡವರು ಬೌದ್ಧರೇ ಎಂದು ಕೆಲವು ವಿದ್ವಾಂಸರು ವಾದಿಸುತ್ತಾರೆ, ಭಿಕ್ಷುಗಳು ನಗ್ನರಲ್ಲವಲ್ಲ ಎಂದು ಇನ್ನು ಕೆಲವರು ಆಕ್ಷೇಪಿಸುತ್ತಾರೆ. ‘ಎಲ್ಲವೂ ನಮ್ಮಿಂದಲೇ ಹೋದದ್ದು’ ಎಂದು ಎದೆಯುಬ್ಬಿಸುವ ಮುನ್ನ ಈ ಆಕ್ಷೇಪವನ್ನೂ ನೆನಪಿಡುವುದು ಒಳ್ಳೆಯದು. ಯಾರು ಯಾರಿಂದ ಕಲಿತರೆಂಬುದಕ್ಕಿಂತ ಇಬ್ಬರೂ ಬಂದು ಮುಟ್ಟಿದ ಜಾಗ ಎಷ್ಟು ಹತ್ತಿರ ಎಂಬುದು ಹೆಚ್ಚು ಕುತೂಹಲದ್ದು.

ವಸ್ತುಗಳ ನಿಜಸ್ವರೂಪ ಹೀಗೆಯೇ ಎಂದು ತೀರ್ಮಾನಿಸಲು ಆಗುವುದಿಲ್ಲ; ಆದ್ದರಿಂದ ತೀರ್ಪನ್ನು ತಡೆಹಿಡಿ; ತಡೆಹಿಡಿದವನಿಗೆ ಕಲಕದ ಮನಸ್ಸು ತಾನಾಗಿ ದೊರೆಯುತ್ತದೆ ಎಂಬುದು ಪಿರ್ರೊವಿನ ದಾರಿ. ಆ ಕಲಕದ ಸ್ಥಿತಿಗೆ ಗ್ರೀಕರ ಹೆಸರು ಅತರಾಕ್ಸಿಯಾ. ಚಂಡಮಾರುತಕ್ಕೆ ಸಿಕ್ಕಿದ ಹಡಗಿನಲ್ಲಿ ಜನ ಕಂಗಾಲಾಗಿದ್ದಾಗ ಪಿರ್ರೊ ತನ್ನ ಪಾಡಿಗೆ ತಿನ್ನುತ್ತಿದ್ದ ಹಂದಿಮರಿಯನ್ನು ತೋರಿಸಿ, ವಿವೇಕಿಯಾದವನು ಹೀಗೆ ಇರಬೇಕು ಎಂದನಂತೆ. ನನಗೆ ಈ ಕಥೆ ಅಷ್ಟು ರುಚಿಸುವುದಿಲ್ಲ. ಹಂದಿಮರಿಗೆ ಬಿರುಗಾಳಿಯ ಅರ್ಥವೇ ಗೊತ್ತಿಲ್ಲ, ಗೊತ್ತಿದ್ದೂ ತಿನ್ನಬಲ್ಲುದಾದರೆ ಅದು ಬೇರೆ ಮಾತು. ಅದಕ್ಕಿಂತ ಒಳ್ಳೆಯವು ಅವನ ಸೋಲಿನ ಕಥೆಗಳು. ನಾಯಿಯೊಂದು ಮೇಲೆ ಬಿದ್ದಾಗ ಹೆದರಿದ ಪಿರ್ರೊವನ್ನು ಯಾರೋ ಆಡಿಕೊಂಡರೆ, ಮನುಷ್ಯತ್ವವನ್ನು ಪೂರ್ತಿ ಕಳಚಿಹಾಕುವುದು ಕಷ್ಟ ಎಂದು ಒಪ್ಪಿಕೊಂಡ. ಅವನು ಸೂಲಗಿತ್ತಿಯಾಗಿದ್ದ ತನ್ನ ಸಹೋದರಿಯ ಜೊತೆ ವಾಸವಾಗಿದ್ದ, ಕೋಳಿ ಹಂದಿಗಳನ್ನು ಸಂತೆಗೆ ಒಯ್ದು ಮಾರುತ್ತಿದ್ದ, ಮನೆಯ ಕಸ ಗುಡಿಸುತ್ತಿದ್ದ. ಆ ಸಹೋದರಿಯ ವಿಷಯದಲ್ಲಿ ಒಮ್ಮೆ ಸಿಟ್ಟಿಗೆದ್ದ. ನಿನ್ನ ಸಮಚಿತ್ತ ಎಲ್ಲಿ ಹೋಯಿತು ಎಂದು ಕೇಳಿದವರಿಗೆ, ಅದನ್ನು ಒಬ್ಬ ಹೆಣ್ಣಿನ ವಿಷಯದಲ್ಲಿ ತೋರಿಸಬೇಕಾಗಿಲ್ಲ ಎಂದುತ್ತರಿಸಿದ. ಅಕ್ಕನ ರಿಪೋರ್ಟು ಕೈಯಲ್ಲಿದ್ದಾಗ ನನಗೆ ಅರಿಸ್ಟಾಟಲನಿಗಿಂತಲೂ ಹತ್ತಿರದವನಾಗಿ ಕಂಡದ್ದು ಈ ಪಿರ್ರೊ.

ಪಿರ್ರೊ ತಾನಾಗಿ ಏನೂ ಬರೆಯಲಿಲ್ಲ. ಅವನ ಪಂಥದ ವಿಚಾರಗಳು ನಮಗೆ ವಿವರವಾಗಿ ಸಿಗುವುದು ಐದು ಶತಮಾನಗಳ ತರುವಾಯ ಬಂದ ಸೆಕ್ಸ್ಟಸ್ ಎಂಪಿರಿಕಸನಲ್ಲಿ. ವೃತ್ತಿಯಿಂದ ವೈದ್ಯನಾದ ಸೆಕ್ಸ್ಟಸ್ ಕೊಡುವ ಉದಾಹರಣೆ ಶಸ್ತ್ರಚಿಕಿತ್ಸೆಯದು: ಕತ್ತರಿ ಹಾಕಿಸಿಕೊಳ್ಳುತ್ತಿರುವವನು ಹಲ್ಲುಕಚ್ಚಿ ತಾಳಿಕೊಂಡಿರುವಾಗ ಪಕ್ಕದಲ್ಲಿ ನಿಂತು ನೋಡುವವನು ಬಿಳಿಚಿಕೊಂಡು ಮೂರ್ಛೆ ಬೀಳುತ್ತಾನೆ. ಹಸಿವು, ಚಳಿ, ನೋವುಗಳಿಂದ ಸಂದೇಹವಾದಿಗೂ ಬಿಡುಗಡೆಯಿಲ್ಲ. ಆದರೆ ಸಾಮಾನ್ಯರು ಆ ನೋವಿನ ಜೊತೆಗೆ ‘ಇದು ಸ್ವಭಾವತಃ ಕೆಟ್ಟದ್ದು’ ಎಂಬ ತೀರ್ಪನ್ನೂ ಹೊತ್ತು ಎರಡು ಪಟ್ಟು ಬಳಲುತ್ತಾರೆ ಎನ್ನುತ್ತಾನೆ ಅವನು. ಇದು ಬುದ್ಧನ ಎರಡನೆಯ ಬಾಣವೇ, ಗ್ರೀಕ್ ಬಟ್ಟೆ ತೊಟ್ಟು ಬಂದಿದೆ ಅಷ್ಟೇ. ನೆಮ್ಮದಿ ಹೇಗೆ ಬರುತ್ತದೆಂಬುದಕ್ಕೂ ಅವನಲ್ಲಿ ಒಂದು ಕಥೆಯಿದೆ. ಚಿತ್ರಕಾರ ಅಪೆಲಿಸ್ ಕುದುರೆಯ ಬಾಯಿನೊರೆಯನ್ನು ಬಿಡಿಸಲು ಹೋಗಿ ಹೋಗಿ ಸೋತು, ಬೇಸತ್ತು, ಕುಂಚ ಒರೆಸುವ ಸ್ಪಂಜನ್ನು ಚಿತ್ರದ ಮೇಲೆಯೇ ಎಸೆದ. ಸ್ಪಂಜು ಬಿದ್ದ ಜಾಗದಲ್ಲಿ ನೊರೆ ತಾನಾಗಿ ಮೂಡಿತು. ಉತ್ತರಗಳ ಜಗಳ ಬಗೆಹರಿಸಿ ನೆಮ್ಮದಿ ಪಡೆಯಲು ಹೊರಟವರು ಕೈಸೋತು ತೀರ್ಪನ್ನು ಬಿಟ್ಟಾಗ, ದೇಹದ ಹಿಂದೆ ನೆರಳು ಬರುವಂತೆ ನೆಮ್ಮದಿ ಬಂತು. ತೀರ್ಪು ಬಿಟ್ಟವನು ಬದುಕುವುದು ಹೇಗೆ ಎಂದರೆ, ಹಸಿವಾದರೆ ಉಣ್ಣುತ್ತಾನೆ, ಊರಿನ ರೂಢಿಯಂತೆ ನಡೆಯುತ್ತಾನೆ, ಕಲಿತ ಕಸುಬು ಮಾಡುತ್ತಾನೆ.

ಬೌದ್ಧರಲ್ಲಿ ಈ ಬಿಡುವಿಕೆಯನ್ನು ತುದಿಯವರೆಗೆ ಒಯ್ದವನು ಕ್ರಿ.ಶ. ಎರಡನೆಯ ಶತಮಾನದ ಆಸುಪಾಸಿನ ನಾಗಾರ್ಜುನ. ಯಾವುದಕ್ಕೂ ತನ್ನಷ್ಟಕ್ಕೆ ತಾನೇ ನಿಂತ ಸ್ವಭಾವವಿಲ್ಲ, ಎಲ್ಲವೂ ಬೇರೆ ಬೇರೆ ಕಾರಣಗಳ ಕೂಟದಿಂದ ಆಗುವಂಥದು ಎಂಬುದನ್ನು ಅವನು ಶೂನ್ಯತೆ ಎಂದು ಕರೆದ. ಹಾಗಾದರೆ ದುಃಖವೂ ಇಲ್ಲ, ಮುಕ್ತಿಯೂ ಇಲ್ಲ ಎಂದಾಯಿತಲ್ಲ ಎಂದು ಎದುರಾಳಿ ಕೇಳಿದರೆ, ನಾಗಾರ್ಜುನ ಮಾತನ್ನು ತಿರುಗಿಸಿ ಅವನತ್ತಲೇ ಎಸೆಯುತ್ತಾನೆ. ಸ್ವಭಾವವೆಂಬುದು ಗಟ್ಟಿಯಾಗಿ ಇದ್ದಿದ್ದರೆ ಏನೂ ಬದಲಾಗುತ್ತಿರಲಿಲ್ಲ, ದುಃಖ ಇದ್ದವನಿಗೆ ದುಃಖವೇ ಗತಿಯಾಗುತ್ತಿತ್ತು. ಶೂನ್ಯತೆ ಒಪ್ಪುವವನಿಗೆ ಎಲ್ಲವೂ ಒಪ್ಪುತ್ತದೆ. ಅನಿತ್ಯವೆಂದರೆ ಕಳೆದುಕೊಳ್ಳುವುದು ಎಂದು ಮಾತ್ರ ಕೇಳಿಸಿಕೊಳ್ಳುವ ಕಿವಿಗೆ ಇದು ಮುಖ್ಯವಾದ ತಿದ್ದುಪಡಿ. ರಿಪೋರ್ಟಿನಲ್ಲಿ ‘ಹೇಳಲಾಗದು’ ಎಂದು ಬರೆದಿರುವುದರಲ್ಲಿ ‘ಇಲ್ಲ’ ಎಂಬುದಕ್ಕೂ ಜಾಗವಿದೆ. ಶೂನ್ಯತೆಯನ್ನೇ ಒಂದು ಸಿದ್ಧಾಂತವಾಗಿ ಹಿಡಿದುಕೊಂಡವರಿಗೆ ಮದ್ದಿಲ್ಲ ಎಂದೂ ಅವನು ಎಚ್ಚರಿಸುತ್ತಾನೆ.

ಇದೆಲ್ಲ ತಾಳೆಗರಿಯ ಮಾತಾಗಿ ಉಳಿದಿಲ್ಲ. ಮೈಸೂರು ಜಿಲ್ಲೆಯ ಬೈಲಕುಪ್ಪೆಗೆ ಹೋದವರು ಸಾಮಾನ್ಯವಾಗಿ ಸ್ವರ್ಣಮಂದಿರ ನೋಡಿ ಮೊಮೊ ತಿಂದು ಮರಳುತ್ತಾರೆ. ಅಲ್ಲೇ ಇರುವ ಸೆರಾ ಎಂಬ ಟಿಬೆಟಿಯನ್ ಬೌದ್ಧ ಮಠದ ಅಂಗಳದಲ್ಲಿ ಭಿಕ್ಷುಗಳು ವಾದ ಮಾಡುವುದನ್ನು ನಿಂತು ನೋಡಿದವರು ಕಡಿಮೆ. ಪ್ರಶ್ನಿಸುವವನು ನಿಂತಿರುತ್ತಾನೆ, ಉತ್ತರಿಸುವವನು ನೆಲದ ಮೇಲೆ ಕೂತಿರುತ್ತಾನೆ. ನಿಂತವನು ಪ್ರಶ್ನೆ ಎಸೆಯುತ್ತಲೇ ಎಡಗಾಲನ್ನು ನೆಲಕ್ಕೆ ಅಪ್ಪಳಿಸಿ, ಬಲ ಅಂಗೈಯನ್ನು ಎಡ ಅಂಗೈಗೆ ಚಟ್ಟನೆ ಬಡಿಯುತ್ತಾನೆ. ಕೂತವನ ಬಳಿ ಇರುವುದು ಬೆರಳೆಣಿಕೆಯ ಉತ್ತರಗಳು: ಒಪ್ಪುತ್ತೇನೆ; ಏಕೆ; ಕಾರಣ ಸಿದ್ಧವಾಗಿಲ್ಲ; ವ್ಯಾಪ್ತಿ ಇಲ್ಲ, ಅಂದರೆ ಆ ಕಾರಣದಿಂದ ಈ ತೀರ್ಮಾನ ಹೊರಡುವುದಿಲ್ಲ. ನಾಗಾರ್ಜುನನ ಮಾಧ್ಯಮಿಕ ದರ್ಶನವೂ ತರ್ಕವೂ ಅವರ ಪಠ್ಯದ ಭಾಗ, ಗೆಶೆ ಎಂಬ ಪದವಿಗೆ ಸುಮಾರು 20 ವರ್ಷ ಬೇಕು. ಅನಿಶ್ಚಿತತೆಯೊಡನೆ ಶಾಂತಿಯೆಂದರೆ ವಿಚಾರಕ್ಕೆ ರಜೆ ಎಂದು ತಿಳಿದವರು ಆ ಚಪ್ಪಾಳೆಯ ಸದ್ದನ್ನೊಮ್ಮೆ ಕೇಳಬೇಕು. ಹಾಗೆ ವಾದಿಸುವವರ ಹಿರಿಯರು ಟಿಬೆಟ್ ಬಿಟ್ಟು ಬಂದವರು. ಅವರಲ್ಲಿ ಅನೇಕರು ಇಂದಿಗೂ ವಿದೇಶಿಯರ ನೋಂದಣಿ ಪತ್ರವನ್ನು ಕಾಲಕಾಲಕ್ಕೆ ನವೀಕರಿಸುತ್ತ, ಊರಿಗೆ ಮರಳುವುದು ಆಗುತ್ತದೋ ಇಲ್ಲವೋ ಎಂಬ ‘ಓ’ಕಾರದ ಜೊತೆಯಲ್ಲೇ ಜೋಳ ಬಿತ್ತಿದವರು.

ಒಂದು ಎಚ್ಚರಿಕೆಯನ್ನು ಇಲ್ಲಿ ಸೇರಿಸಲೇಬೇಕು. ಲೋಕದ ಕೆಲವು ಅನಿಶ್ಚಿತತೆಗಳು ಪ್ರಕೃತಿಯಿಂದ ಬಂದವಲ್ಲ, ಮನುಷ್ಯರು ಮಾಡಿಟ್ಟವು. ಪಿಂಚಣಿ ಕಡತ ಯಾರದೋ ಮೇಜಿನ ಮೇಲೆ ಎರಡು ವರ್ಷ ಕೂತಿದ್ದರೆ, ಜಮೀನು ಕೊಟ್ಟವನಿಗೆ ಪರಿಹಾರ ಯಾವಾಗ ಎಂದು ಯಾರೂ ಹೇಳದಿದ್ದರೆ, ಅವರಿಗೆ ‘ಎಲ್ಲವೂ ಅನಿತ್ಯ, ಮನಸ್ಸನ್ನು ಸಮಾಧಾನವಾಗಿಟ್ಟುಕೊಳ್ಳಿ’ ಎಂದು ಬೋಧಿಸುವುದು ಬಾಣ ಹೊಡೆದವನ ವಕಾಲತ್ತು ವಹಿಸಿದಂತೆ. ಅಲ್ಲಿ ಉತ್ತರವಿದೆ, ಅದು ಕೇಳುವವರ ಹಕ್ಕು, ಕೇಳಬೇಕು. ಹಾಗೆಯೇ ಆತಂಕವು ತಿಂಗಳುಗಟ್ಟಲೆ ನಿದ್ದೆ ಊಟಗಳನ್ನು ಕಿತ್ತುಕೊಂಡಿದ್ದರೆ ಅದಕ್ಕೆ ಬೇಕಾದದ್ದು ಸುತ್ತಗಳ ಓದಿಗಿಂತ ಮೊದಲು ಮನೋವೈದ್ಯರ ಭೇಟಿ. ಬುದ್ಧನ ದೃಷ್ಟಾಂತದಲ್ಲಿ ಬಂಧುಗಳು ಗಾಯಾಳುವನ್ನು ಕರೆತಂದದ್ದೂ ವೈದ್ಯನ ಬಳಿಗೇ.

ಮಾಲುಂಕ್ಯಪುತ್ತನ ಹೆಸರು ಸಂಯುತ್ತ ನಿಕಾಯದಲ್ಲಿ ಮತ್ತೊಮ್ಮೆ ಬರುತ್ತದೆ. ಈಗ ಅವನು ಮುದುಕ. ಹತ್ತು ಪ್ರಶ್ನೆಗಳ ಸುದ್ದಿಯೇ ಇಲ್ಲ. ಚಿಕ್ಕದಾಗಿ ಏನಾದರೂ ಹೇಳಿ, ಒಬ್ಬನೇ ಕೂತು ಸಾಧನೆ ಮಾಡುತ್ತೇನೆ ಎನ್ನುತ್ತಾನೆ. ಇಷ್ಟು ವಯಸ್ಸಾದ ನೀನೇ ಹೀಗೆ ಕೇಳಿದರೆ ಎಳೆಯರಿಗೆ ಏನು ಹೇಳಲಿ ಎಂದು ಬುದ್ಧ ಮೊದಲು ಒಂದಿಷ್ಟು ಕಾಡುತ್ತಾನೆ. ಆಮೇಲೆ ಕೇಳುತ್ತಾನೆ: ನೀನು ಎಂದೂ ನೋಡಿರದ, ಈಗಲೂ ನೋಡುತ್ತಿಲ್ಲದ, ಮುಂದೆ ನೋಡುವೆನೆಂಬ ಎಣಿಕೆಯೂ ಇಲ್ಲದ ರೂಪಗಳ ಮೇಲೆ ನಿನಗೆ ಆಸೆ ಇದೆಯೇ? ಇಲ್ಲ ಎನ್ನುತ್ತಾನೆ ಮುದುಕ. ಹಾಗಾದರೆ ನೋಡಿದ್ದರಲ್ಲಿ ನೋಡಿದ್ದಷ್ಟೇ ಇರಲಿ, ಕೇಳಿದ್ದರಲ್ಲಿ ಕೇಳಿದ್ದಷ್ಟೇ ಇರಲಿ.

ಅಕ್ಕ ಇದನ್ನೆಲ್ಲ ಓದಿದವಳಲ್ಲ. ರಿಪೋರ್ಟು ಬಂದ ವಾರ ಅವಳು ತಾರಸಿಯ ಮೇಲೆ ಹಳೆಯ ಸೀರೆ ಹಾಸಿ ಅಕ್ಕಿ ಸಂಡಿಗೆ ಇಡುತ್ತಿದ್ದಳು. ನಾನು ಪಕ್ಕದಲ್ಲಿ ಕೂತು, ಒಂದು ವೇಳೆ ಹೀಗಾದರೆ, ಒಂದು ವೇಳೆ ಹಾಗಾದರೆ ಎಂದು ಶುರು ಮಾಡಿದೆ. ‘ಮೇ ತಿಂಗಳಲ್ಲಿ ನೋಡೋಣ ಅಂದಿದ್ದಾರಲ್ಲ ಕಣೋ’ ಎಂದಳು, ‘ಕಾಗೆ ಬರ್ತಾ ಇದೆ, ಆ ಕಡೆ ಕೂತ್ಕೋ.’ ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಮೇ 18ಕ್ಕೆ ಅವಳೇ ನೀಲಿ ಪೆನ್ನಿನಿಂದ ಸುತ್ತು ಹಾಕಿಟ್ಟಿದ್ದಾಳೆ. ಅದೇ ಹಾಳೆಯಲ್ಲಿ 11ನೇ ತಾರೀಖಿಗೆ ‘ಗ್ಯಾಸ್’ ಎಂದೂ 22ಕ್ಕೆ ಎದುರುಮನೆಯವರ ಗೃಹಪ್ರವೇಶ ಎಂದೂ ಬರೆದಿದೆ.